ಓದುಗರ ಬೆರಳು ನಿಲ್ಲಿಸುವ ತಲೆಬರಹ ಬರೆಯೋದು ಹೇಗೆ? ಒಂದೇ ಲೇಖನ ಹಿಡಿದು ಹಂತ ಹಂತವಾಗಿ

"ಈ ವಿಷಯ ಗೊತ್ತಾದ್ರೆ ನೀವು ಬೆಚ್ಚಿ ಬೀಳ್ತೀರಾ!" ಅಂತ ತಲೆಬರಹ ಕೊಟ್ಟರೆ ಈಗ ಯಾರೂ ಬೆಚ್ಚಿ ಬೀಳುವುದಿಲ್ಲ. ಮೊದಮೊದಲು ಜನ ಒತ್ತಿ ಒಳಗೆ ಹೋಗುತ್ತಿದ್ದರು. ಒಳಗೆ ಏನೂ ಇಲ್ಲ ಅಂತ ನಾಲ್ಕು ಸಲ ಗೊತ್ತಾದ ಮೇಲೆ ಹೆಬ್ಬೆರಳು ತಾನಾಗಿಯೇ ಮುಂದಕ್ಕೆ ಜಾರುತ್ತದೆ. ಹಾಗಂತ ಕುತೂಹಲ ಹುಟ್ಟಿಸುವುದೇ ತಪ್ಪು ಅಂತಲ್ಲ. ಕುತೂಹಲ ಲೇಖನದ ಒಳಗೇ ಇರಬೇಕು. ಅದನ್ನು ಹುಡುಕಿ ಬಾಗಿಲಿಗೆ ಕರೆತರುವುದಷ್ಟೇ ತಲೆಬರಹದ ಕೆಲಸ.

ಬ್ಲಾಗ್ ಬರೆಯುವವರು, ವೆಬ್‌ಸೈಟ್ ಡೆಸ್ಕ್‌ಗೆ ಹೊಸದಾಗಿ ಸೇರಿದವರು, ವಿಡಿಯೊಗೆ ಏನು ಹೆಸರಿಡೋದು ಅಂತ ತಲೆ ಕೆರೆದುಕೊಳ್ಳುವವರು, ಎಲ್ಲರಿಗೂ ಈ ಹಂತಗಳು ಆಗುತ್ತವೆ. ಸುಮ್ನೆ ನಿಯಮ ಹೇಳುತ್ತಾ ಹೋದರೆ ತಲೆಗೆ ಹತ್ತುವುದಿಲ್ಲ. ಒಂದೇ ಲೇಖನ ಇಟ್ಟುಕೊಂಡು ಕೊನೆಯವರೆಗೂ ಅದರ ಮೇಲೇ ಕೆಲಸ ಮಾಡೋಣ.

ಲೇಖನ ಶಿವನಸಮುದ್ರದ ವಿದ್ಯುತ್ ಕೇಂದ್ರದ ಬಗ್ಗೆ ಅಂದುಕೊಳ್ಳಿ. ಒಳಗಿರುವ ಸಂಗತಿ ಇಷ್ಟು. ಕಾವೇರಿ ಧುಮುಕುವ ಜಾಗದಲ್ಲಿ ಮೈಸೂರು ಸರ್ಕಾರ ಜಲವಿದ್ಯುತ್ ಕೇಂದ್ರ ಕಟ್ಟಿತು. 1902ರ ಜೂನ್‌ನಲ್ಲಿ ಅಲ್ಲಿಂದ ಕರೆಂಟ್ ಹೊರಟಿತು. ಹೋಗಿದ್ದು ಹತ್ತಿರದ ಮೈಸೂರಿಗಲ್ಲ, ಬೆಂಗಳೂರಿಗೂ ಅಲ್ಲ, ಸುಮಾರು 150 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. ಗಣಿ ನಡೆಸುತ್ತಿದ್ದ ಬ್ರಿಟಿಷ್ ಕಂಪನಿಗೆ ಉಗಿ ಯಂತ್ರಗಳ ಉರುವಲಿನ ಖರ್ಚು ಭಾರವಾಗಿತ್ತು. ಕರೆಂಟ್ ಕೊಟ್ಟರೆ ಕೊಳ್ಳುತ್ತೇವೆ ಅಂತ ಅದು ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಉರಿದಿದ್ದು 1905ರಲ್ಲಿ, ಮೈಸೂರಿನಲ್ಲಿ 1908ರಲ್ಲಿ. ಯೋಜನೆಯ ಬೆನ್ನಿಗೆ ನಿಂತಿದ್ದ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡಿದ್ದರು.

ಹಂತ 1: ಮೊದಲು ಒಂದು ಸಪ್ಪೆ ಸಾಲು ಬರೆಯಿರಿ

ಜಾಣತನ ಬೇಡ. ಯಾರು, ಏನು, ಎಲ್ಲಿ, ಯಾವಾಗ ಅಷ್ಟೇ. "ಶಿವನಸಮುದ್ರ ಕೇಂದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಪೂರೈಕೆ." ಈ ಸಾಲು ಬರೆಯಲು ಆಗುತ್ತಿಲ್ಲ ಅಂದರೆ ತೊಂದರೆ ತಲೆಬರಹದಲ್ಲಿಲ್ಲ, ಲೇಖನಕ್ಕೇ ತಲೆ ಬುಡ ಇಲ್ಲ ಅಂತ ಅರ್ಥ. ವಾಪಸ್ ಹೋಗಿ ಅದನ್ನು ಸರಿ ಮಾಡಿ.

ಕೆಲವರು ಇಲ್ಲಿಗೂ ಬರುವುದಿಲ್ಲ. "ಶಿವನಸಮುದ್ರ ವಿದ್ಯುತ್ ಕೇಂದ್ರ: ಒಂದು ನೋಟ" ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ. ಒಂದು ನೋಟ, ಒಂದು ಅವಲೋಕನ, ಇತಿಹಾಸ ಮತ್ತು ಮಹತ್ವ. ಇವೆಲ್ಲ ಹೈಸ್ಕೂಲ್ ಪ್ರಬಂಧಕ್ಕೆ ಸರಿ. ಅಲ್ಲಿ ಓದಲೇಬೇಕಾದ ಮೇಷ್ಟ್ರು ಇರುತ್ತಾರೆ. ಇಲ್ಲಿ ಆ ಅನುಕೂಲ ಇಲ್ಲ.

ಹಂತ 2: ಫೋನ್ ಮಾಡಿ ಹೇಳುವಂಥದ್ದು ಯಾವುದು?

ಲೇಖನ ಬರೆಯುವಾಗ ಯಾವ ಸಂಗತಿ ಸಿಕ್ಕಾಗ "ಅರೆ!" ಅನ್ನಿಸಿತು ನೆನಪು ಮಾಡಿಕೊಳ್ಳಿ. ಸ್ನೇಹಿತರಿಗೆ ಫೋನ್ ಮಾಡಿ "ಲೋ, ನಿಂಗೊತ್ತಾ, ಬೆಂಗಳೂರಿಗಿಂತ ಮೊದಲು ಕೆಜಿಎಫ್‌ಗೆ ಕರೆಂಟ್ ಬಂದಿತ್ತಂತೆ" ಅಂತ ಹೇಳಬಹುದು. "ಜಲವಿದ್ಯುತ್ ಕೇಂದ್ರ ಸ್ಥಾಪನೆಯಾಯಿತಂತೆ" ಅಂತ ಯಾರೂ ಫೋನ್ ಮಾಡುವುದಿಲ್ಲ.

ಇಂಥ ಸಂಗತಿಗಳನ್ನು ಪಟ್ಟಿ ಮಾಡಿ. ನಮ್ಮ ಲೇಖನದಲ್ಲಿ ನನಗೆ ಮೂರು ಕಾಣುತ್ತವೆ. ದೊಡ್ಡ ಊರನ್ನು ಬಿಟ್ಟು ಕರೆಂಟ್ ಗಣಿಗೆ ಹೋಗಿದ್ದು. 1902ರಷ್ಟು ಹಿಂದೆಯೇ 150 ಕಿ.ಮೀ. ತಂತಿ ಎಳೆದಿದ್ದು. ಕಟ್ಟಿಸಿದ ದಿವಾನರೇ ಅದನ್ನು ನೋಡಲಿಲ್ಲ ಅನ್ನುವುದು. ನಾವು ಅಂದುಕೊಂಡಿದ್ದಕ್ಕೆ ಉಲ್ಟಾ ಇರುವುದು, ಅಳತೆ ಮೀರಿದ್ದು, ಸಿಗಬೇಕಾದವರಿಗೆ ಸಿಗದೇ ಹೋದದ್ದು: ಕುತೂಹಲ ಸಾಮಾನ್ಯವಾಗಿ ಈ ಮೂರು ಕಡೆ ಅಡಗಿರುತ್ತದೆ.

ಜಾಹೀರಾತು ಲೋಕದ ಡೇವಿಡ್ ಓಗಿಲ್ವಿ 1958ರಲ್ಲಿ ರೋಲ್ಸ್ ರಾಯ್ಸ್ ಕಾರಿಗೆ ಕೊಟ್ಟ ತಲೆಬರಹ ಇಂದಿಗೂ ಪಾಠ ಹೇಳುವವರ ಬಾಯಲ್ಲಿದೆ. ಗಂಟೆಗೆ 60 ಮೈಲಿ ವೇಗದಲ್ಲಿ ಹೋಗುವಾಗ ಈ ಕಾರಿನಲ್ಲಿ ಎಲ್ಲಕ್ಕಿಂತ ಜೋರಾಗಿ ಕೇಳಿಸುವುದು ಅದರ ಎಲೆಕ್ಟ್ರಿಕ್ ಗಡಿಯಾರದ ಸದ್ದು, ಅನ್ನುವುದು ಅದರ ಸಾರ. ಆ ಮಾತು ಅವರ ತಲೆಯಿಂದ ಹುಟ್ಟಿದ್ದಲ್ಲ. ಕಾರಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವಾಗ ಒಬ್ಬ ತಾಂತ್ರಿಕ ಸಂಪಾದಕನ ಬರಹದಲ್ಲಿ ಕಣ್ಣಿಗೆ ಬಿದ್ದಿದ್ದು. "ಅತ್ಯಂತ ನಿಶ್ಶಬ್ದ ಕಾರು" ಅಂತ ಬರೆದಿದ್ದರೆ ಇಷ್ಟು ವರ್ಷ ಆದ ಮೇಲೆ ನಾವು ಅದರ ಬಗ್ಗೆ ಮಾತಾಡುತ್ತಿರಲಿಲ್ಲ.

ಹಂತ 3: ಏನು ಹೇಳಬೇಕು, ಏನು ಉಳಿಸಿಕೊಳ್ಳಬೇಕು

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೂರಬೇಕಾದ ಜಾಗ ಇದು.

ಅಮೆರಿಕದ ಜಾರ್ಜ್ ಲೋವೆನ್‌ಸ್ಟೈನ್ ಅನ್ನುವ ವಿದ್ವಾಂಸರು 1994ರಲ್ಲಿ ಕುತೂಹಲದ ಬಗ್ಗೆ ಒಂದು ಪ್ರಬಂಧ ಬರೆದರು. ಅವರ ವಾದ ಸರಳ. ನಮಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕು ಅನ್ನಿಸುವುದಕ್ಕೂ ನಡುವೆ ಒಂದು ಸಂದು ಕಂಡಾಗ ಕುತೂಹಲ ಹುಟ್ಟುತ್ತದೆ. ಅಂದರೆ ಸಂದು ಕಾಣಬೇಕಾದರೆ ಮೊದಲು ಸ್ವಲ್ಪ ಗೊತ್ತಿರಬೇಕು. ಏನೂ ಹೇಳದೆ ಬಚ್ಚಿಟ್ಟರೆ ಕುತೂಹಲ ಬರುವುದಿಲ್ಲ, ಕಿರಿಕಿರಿ ಬರುತ್ತದೆ. ಬೆಚ್ಚಿ ಬೀಳಿಸುವ ತಲೆಬರಹಗಳು ಸೋಲುವುದು ಇಲ್ಲೇ.

ಮೂರು ಸಾಲು ಹೋಲಿಸಿ ನೋಡಿ.

"ಗಣಿ ಕಂಪನಿ ಒಪ್ಪಂದ ಮಾಡಿಕೊಂಡಿದ್ದರಿಂದ ಕೆಜಿಎಫ್‌ಗೆ ಮೊದಲು ಕರೆಂಟ್"

"ಕರ್ನಾಟಕದ ಈ ಊರಿಗೆ ಎಲ್ಲಕ್ಕಿಂತ ಮೊದಲು ಕರೆಂಟ್ ಬಂತು, ಯಾವುದು ಗೊತ್ತಾ?"

"ಬೆಂಗಳೂರಿಗೂ ಮೊದಲು ಕೋಲಾರದ ಚಿನ್ನದ ಗಣಿಗೆ ಕರೆಂಟ್ ಬಂದಿದ್ದು ಯಾಕೆ?"

ಮೊದಲನೆಯದು ಎಲ್ಲವನ್ನೂ ಹೇಳಿಬಿಟ್ಟಿತು, ಒಳಗೆ ಹೋಗಲು ಕಾರಣ ಉಳಿಯಲಿಲ್ಲ. ಎರಡನೆಯದು ಊರಿನ ಹೆಸರನ್ನೇ ಬಚ್ಚಿಟ್ಟಿತು. ಮೂರನೆಯದು ಊರು ಹೇಳಿತು, ಸಂಗತಿ ಹೇಳಿತು, ಕಾರಣ ಮಾತ್ರ ಉಳಿಸಿಕೊಂಡಿತು. ಓದುಗರಿಗೆ ಈಗಾಗಲೇ ಒಂದು ಹೊಸ ವಿಷಯ ಸಿಕ್ಕಿದೆ. ಆದ್ದರಿಂದಲೇ ಇನ್ನೊಂದು ಬೇಕು ಅನ್ನಿಸುತ್ತದೆ.

ಯಾರು, ಏನು, ಎಲ್ಲಿ ಅನ್ನುವುದನ್ನು ಹೇಳಿಬಿಡಿ. ಯಾಕೆ, ಹೇಗೆ ಅನ್ನುವುದನ್ನು ಉಳಿಸಿಕೊಳ್ಳಿ. ಅನುಮಾನ ಬಂದರೆ ಹೀಗೆ ಪರೀಕ್ಷೆ ಮಾಡಿ: ನೀವು ಬಚ್ಚಿಟ್ಟಿದ್ದನ್ನು ಒಂದೇ ಪದದಲ್ಲಿ ಹೇಳಿಬಿಡಬಹುದಾ? ಹೇಳಬಹುದಾದರೆ ಅದು ಗಾಳ. "ಈ ನಟಿ", "ಆ ಒಂದು ಹಣ್ಣು", "ಈ ಜಿಲ್ಲೆಗೆ ಮಳೆ ಎಚ್ಚರಿಕೆ" ಎಲ್ಲವೂ ಅದೇ ಜಾತಿ. ಜಿಲ್ಲೆಯ ಹೆಸರು ನೋಡಲು ಒಳಗೆ ಹೋದವರು ಹೆಸರು ಸಿಕ್ಕ ತಕ್ಷಣ ಬೈದುಕೊಂಡು ಹೊರಗೆ ಬರುತ್ತಾರೆ. "ಖ್ಯಾತ ನಟ ಇನ್ನಿಲ್ಲ" ಅಂತ ಬರೆದು, ಒಳಗೆ ಯಾವುದೋ ದೇಶದ ನಟನ ಫೋಟೊ ಹಾಕುವವರಿದ್ದಾರಲ್ಲ, ಅವರ ಬಗ್ಗೆ ಇಲ್ಲಿ ಬರೆಯದಿರುವುದೇ ಒಳ್ಳೆಯದು.

ಇದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ. ಫೇಸ್‌ಬುಕ್ 2014ರಲ್ಲೇ ಗಾಳದ ತಲೆಬರಹಗಳನ್ನು ಕೆಳಗೆ ತಳ್ಳುವುದಾಗಿ ಹೇಳಿತ್ತು. ಲಿಂಕ್ ಒತ್ತಿ ಹೋದವರು ಎಷ್ಟು ಹೊತ್ತು ಅಲ್ಲಿ ಇರುತ್ತಾರೆ ಅನ್ನುವುದು ಅದರ ಒಂದು ಅಳತೆ. ತಕ್ಷಣ ವಾಪಸ್ ಬಂದರೆ ಒಳಗೆ ಸರಕಿಲ್ಲ ಅಂತ ಲೆಕ್ಕ.

ಹಂತ 4: ಕನ್ನಡ ವಾಕ್ಯದ ತೂಕ ಎಲ್ಲಿದೆ ನೋಡಿ

ಹೊರಗಿನ ಸಲಹೆಗಳನ್ನು ಹಾಗೇ ತಂದು ಹಾಕಿದರೆ ಇಲ್ಲಿ ಎಡವುತ್ತೇವೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಕೊನೆಯ ಪದ ಕಿವಿಯಲ್ಲಿ ಉಳಿಯುತ್ತದೆ. "ಕೋಲಾರದ ಚಿನ್ನದ ಗಣಿಗೆ ಬೆಂಗಳೂರಿಗಿಂತ ಮೊದಲು ಕರೆಂಟ್ ಬಂತು" ಅಂದರೆ ತೂಕವೆಲ್ಲ "ಬಂತು" ಮೇಲೆ ಬಿತ್ತು. ಆ ಪದಕ್ಕೆ ಅಷ್ಟು ಯೋಗ್ಯತೆ ಇಲ್ಲ. ತಿರುಗಿಸಿ: "ಬೆಂಗಳೂರಿಗೂ ಮೊದಲು ಕರೆಂಟ್ ಕಂಡಿದ್ದು ಕೋಲಾರದ ಚಿನ್ನದ ಗಣಿ." ಈಗ ಆಶ್ಚರ್ಯ ಕೊನೆಯಲ್ಲಿ ಬಂದು ಕೂತಿತು. ಕಂಡಿದ್ದು, ಬಂದಿದ್ದು, ಬಿಟ್ಟಿದ್ದು ಅನ್ನುವ ರೂಪದ ಉಪಯೋಗ ಇದೇ. ಅದು ಮುಖ್ಯ ಪದವನ್ನು ಕೊನೆಗೆ ಕಳಿಸಿಕೊಡುತ್ತದೆ. "ಯಾಕೆ", "ಹೇಗೆ", "ಯಾರು" ಅನ್ನುವುದನ್ನೂ ಅದೇ ಜಾಗದಲ್ಲಿ ಕೂರಿಸಬಹುದು. ಆದರೆ ಒಂದೇ ಪುಟದಲ್ಲಿ ಐದು ತಲೆಬರಹವೂ "ಇದ್ದು" ಅಂತ ತಿರುಗಿದರೆ ಓದಲು ಬೇಜಾರು.

ಮೊದಲ ಪದಕ್ಕೂ ಬೆಲೆ ಇದೆ. ಮೊಬೈಲ್‌ನಲ್ಲಿ ಕಣ್ಣು ಮೊದಲ ಎರಡು ಪದ ಹಿಡಿದು, ಬೇಕಾದರೆ ಮುಂದಕ್ಕೆ ಹೋಗುತ್ತದೆ. ಅಲ್ಲಿ ಓದುಗರಿಗೆ ಪರಿಚಯ ಇರುವ ಹೆಸರು ಇಡಿ. "ಬೆಂಗಳೂರಿಗೂ" ಅಂತ ಶುರು ಮಾಡಿದ್ದು ಅದಕ್ಕೇ. "ಕರ್ನಾಟಕದ ಇತಿಹಾಸದಲ್ಲೇ" ಅಂತ ಶುರು ಮಾಡಿದರೆ ಮೊದಲ ಎರಡು ಪದ ಪೋಲಾದವು.

ಆ "ಬೆಂಗಳೂರಿಗೂ" ಪದದಲ್ಲಿರುವ "ಊ" ಗಮನಿಸಿ. "ಬೆಂಗಳೂರಿಗಿಂತ ಮೊದಲು" ಅನ್ನುವುದು ಬರೀ ಲೆಕ್ಕ. "ಬೆಂಗಳೂರಿಗೂ ಮೊದಲು" ಅಂದಾಗ ಅದರಲ್ಲಿ ಹುಬ್ಬೇರಿಸುವುದೂ ಸೇರಿತು. "ಮೊದಲೇ", "ಒಬ್ಬರೂ", "ಇಂದಿಗೂ" ಎಲ್ಲವೂ ಹೀಗೇ. ಈ ಒಂದೊಂದು ಸ್ವರ ಮಾಡುವ ಕೆಲಸವನ್ನು ಮೂರು ಆಶ್ಚರ್ಯಸೂಚಕ ಚಿಹ್ನೆ ಹಾಕಿದರೂ ಮಾಡಲು ಆಗುವುದಿಲ್ಲ.

ಇನ್ನೊಂದು ರೋಗ, ರೈಲು ಬೋಗಿಯ ಹಾಗೆ ಸಾಲುಗಟ್ಟುವ ವಿಶೇಷಣ. "ಕಾವೇರಿ ಧುಮುಕುವ ಶಿವನಸಮುದ್ರದಲ್ಲಿ ಮೈಸೂರು ಸರ್ಕಾರ ಕಟ್ಟಿದ ಕೇಂದ್ರದಿಂದ ಹೊರಟ ಕರೆಂಟ್ ಸೇರಿದ ಗಣಿ." ವ್ಯಾಕರಣ ಸರಿ ಇದೆ, ಓದುವವರ ಉಸಿರು ಕಟ್ಟುತ್ತದೆ. ಧುಮುಕುವ, ಕಟ್ಟಿದ, ಹೊರಟ, ಸೇರಿದ: ಇಂಥದ್ದು ಒಂದು ತಲೆಬರಹದಲ್ಲಿ ಒಂದೇ ಇರಲಿ. ಉಳಿದದ್ದು ಇಂಟ್ರೊಗೆ, ಅಂದರೆ ಲೇಖನದ ಮೊದಲ ಸಾಲುಗಳಿಗೆ, ಹೋಗಲಿ.

ಹಂತ 5: ಯಾವ ಅಚ್ಚಿನಲ್ಲಿ ಹಾಕಬೇಕು

ಪ್ರಶ್ನೆ, ಸಂಖ್ಯೆ, ಯಾರದೋ ಮಾತು, ವಿರೋಧ. ತಲೆಬರಹದ ಅಚ್ಚುಗಳು ಹೆಚ್ಚುಕಡಿಮೆ ಇಷ್ಟೇ. "ಯಾಕೆ, ಹೇಗೆ" ಪ್ರಶ್ನೆ ಒಳ್ಳೆಯದು. ಹೌದು ಅಥವಾ ಇಲ್ಲ ಅಂತ ಉತ್ತರ ಇರುವ ಪ್ರಶ್ನೆಯಲ್ಲಿ ಹುಷಾರು. "ಮುಚ್ಚಲಿದೆಯೇ ಶಿವನಸಮುದ್ರ ಕೇಂದ್ರ?" ಅಂತ ಕೇಳಿ ಒಳಗೆ "ಅಂಥ ಯೋಚನೆ ಇಲ್ಲ" ಅಂತ ಬರೆದರೆ ಅದು ಪ್ರಶ್ನೆಯ ವೇಷ ಹಾಕಿದ ಸುಳ್ಳು. ಬ್ರಿಟನ್‌ನ ಪತ್ರಕರ್ತ ಇಯಾನ್ ಬೆಟರಿಜ್ ಹೆಸರಿನಲ್ಲಿ 2009ರಿಂದ ಒಂದು ಮಾತು ಓಡಾಡುತ್ತಿದೆ: ಪ್ರಶ್ನೆಯಲ್ಲಿ ಮುಗಿಯುವ ಯಾವ ತಲೆಬರಹಕ್ಕೂ "ಇಲ್ಲ" ಅಂತ ಉತ್ತರ ಕೊಡಬಹುದು. ಅರ್ಧ ತಮಾಷೆಯ ಮಾತು. ಆದರೆ ಖಚಿತ ಮಾಡಿಕೊಳ್ಳದ ಸುದ್ದಿಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಪಾರಾಗುವ ಅಭ್ಯಾಸ ನಮ್ಮಲ್ಲೂ ಧಾರಾಳವಾಗಿ ಇದೆ.

ಸಂಖ್ಯೆ ಚಿತ್ರ ಕಟ್ಟಿಕೊಡುವುದಾದರೆ ಮಾತ್ರ ಹಾಕಿ. "150 ಕಿ.ಮೀ. ತಂತಿ ಎಳೆದು ಚಿನ್ನದ ಗಣಿಗೆ ಕರೆಂಟ್ ಕೊಟ್ಟರು, 1902ರಲ್ಲೇ" ಅನ್ನುವುದರಲ್ಲಿ ಎರಡೂ ಸಂಖ್ಯೆ ದುಡಿಯುತ್ತಿವೆ. ಉದ್ಧರಣ ಚಿಹ್ನೆಯೊಳಗೆ ಇರುವುದು ಆ ವ್ಯಕ್ತಿ ನಿಜವಾಗಿ ಆಡಿದ ಮಾತೇ ಆಗಿರಬೇಕು. ಸಾರಾಂಶ ಮಾಡಿ ಚಿಹ್ನೆ ಹಾಕಬೇಡಿ.

ದಿವಾನರ ಸಂಗತಿಗೆ ವಿರೋಧದ ಅಚ್ಚು ಸರಿ ಹೊಂದುತ್ತದೆ: "ಶಿವನಸಮುದ್ರದಲ್ಲಿ ಕರೆಂಟ್ ಹರಿಯಿತು, ಕಟ್ಟಿಸಿದ ದಿವಾನರೇ ಇರಲಿಲ್ಲ." ಇದರಲ್ಲಿ ಪ್ರಶ್ನೆಯೇ ಇಲ್ಲ. ನನಗೆ ಮೂರರಲ್ಲಿ ಇದೇ ಇಷ್ಟ. ಆದರೆ ಲೇಖನದಲ್ಲಿ ಶೇಷಾದ್ರಿ ಅಯ್ಯರ್ ಬಗ್ಗೆ ಒಂದೇ ಸಾಲು ಇದ್ದರೆ ಈ ತಲೆಬರಹ ಕೊಡುವ ಹಾಗಿಲ್ಲ. ದಿವಾನರ ಕಥೆ ಓದಲು ಬಂದವರಿಗೆ ಗಣಿ ಕಥೆ ಹೇಳಿದ ಹಾಗಾಗುತ್ತದೆ.

ಹಂತ 6: "ಏಷ್ಯಾದಲ್ಲೇ ಮೊದಲು" ಅನ್ನುವ ಮುನ್ನ

ಶಿವನಸಮುದ್ರದ ಬಗ್ಗೆ ಹುಡುಕಿದರೆ "ಏಷ್ಯಾದ ಮೊಟ್ಟಮೊದಲ ಜಲವಿದ್ಯುತ್ ಕೇಂದ್ರ" ಅನ್ನುವ ತಲೆಬರಹ ಬೇಕಾದಷ್ಟು ಸಿಗುತ್ತದೆ. ಕುತೂಹಲಕ್ಕೆ ಇಷ್ಟು ಸುಲಭದ ದಾರಿ ಬೇರೆ ಇಲ್ಲ, ಅಲ್ವಾ? ಆದರೆ ಡಾರ್ಜಿಲಿಂಗ್ ಹತ್ತಿರದ ಸಿದ್ರಾಪಾಂಗ್ ಕೇಂದ್ರ 1897ರಲ್ಲೇ ಶುರುವಾಗಿತ್ತು. ಜಪಾನಿನ ಕ್ಯೋಟೊದಲ್ಲಿ 1891ರಲ್ಲೇ ಜಲವಿದ್ಯುತ್ ಉತ್ಪಾದನೆ ಇತ್ತು. ಹಾಗಾದರೆ ಏಷ್ಯಾವೂ ಹೋಯಿತು, ಭಾರತವೂ ಹೋಯಿತು. ಬೆಂಗಳೂರಿನ ಬೀದಿದೀಪದ ಬಗ್ಗೆ ಓಡಾಡುವ "ಏಷ್ಯಾದಲ್ಲೇ ಮೊದಲು" ಮಾತನ್ನೂ ಹೀಗೇ ಒರೆಗೆ ಹಚ್ಚಿ. ಕಲ್ಕತ್ತೆಯಲ್ಲಿ 1899ರಲ್ಲೇ ವಿದ್ಯುತ್ ಪೂರೈಕೆ ಇತ್ತು.

ಮೊದಲ, ಏಕೈಕ, ಅತಿ ದೊಡ್ಡ, ವಿಶ್ವದಲ್ಲೇ: ಇಂಥ ಪದ ಕಂಡರೆ ಕೆಂಪು ಗೆರೆ ಎಳೆದು, ಅದನ್ನು ಸುಳ್ಳು ಮಾಡುವ ಒಂದು ಉದಾಹರಣೆ ಹುಡುಕಲು ಹತ್ತು ನಿಮಿಷ ಕೊಡಿ. ಸಿಕ್ಕಿದರೆ ಆ ಪದ ತೆಗೆಯಿರಿ. ಸಾಮಾನ್ಯವಾಗಿ ತೆಗೆದ ಮೇಲೆ ತಲೆಬರಹ ಚೆನ್ನಾಗಿಯೇ ಆಗುತ್ತದೆ, ಯಾಕೆಂದರೆ ಆ ಜಾಗಕ್ಕೆ ನೀವು ನಿಜವಾದ ವಿವರ ತರಬೇಕಾಗುತ್ತದೆ. ಚಿನ್ನದ ಗಣಿ ಅನ್ನುವ ವಿವರದ ಮುಂದೆ ಏಷ್ಯಾ ಏನು ಮಹಾ!

ವಿವರದಲ್ಲೂ ಎಚ್ಚರ ಬೇಕು. "ಕೋಲಾರಕ್ಕೆ ಕರೆಂಟ್" ಅಂತ ಬರೆದರೆ ತಪ್ಪು. ಕೋಲಾರ ಪಟ್ಟಣ ಬೇರೆ, ಕೆಜಿಎಫ್ ಬೇರೆ. ಆ ಕಡೆಯವರು ಓದಿದರೆ ಮೊದಲ ಸಾಲಿನಲ್ಲೇ ನಿಮ್ಮ ಮೇಲಿನ ನಂಬಿಕೆ ಹೋಯಿತು.

ಹಂತ 7: ಸವೆದ ಪದ ಕಿತ್ತು ಹಾಕಿ

ಶಾಕಿಂಗ್, ಬಿಗ್ ಶಾಕ್, ಗುಡ್ ನ್ಯೂಸ್, ಬಂಪರ್, ಇಲ್ಲಿದೆ ಡಿಟೇಲ್ಸ್, ಸಂಪೂರ್ಣ ಮಾಹಿತಿ ಇಲ್ಲಿದೆ, ಏನಿದು ಗೊತ್ತಾ, ಕೇಳಿದ್ರೆ ಅಚ್ಚರಿ ಪಡ್ತೀರಾ. ಇವುಗಳನ್ನು ತೆಗೆದು ಉಳಿದದ್ದನ್ನು ಓದಿ. ಏನೂ ಉಳಿಯದಿದ್ದರೆ ಹಂತ 2ಕ್ಕೆ ವಾಪಸ್. "ಇಲ್ಲಿದೆ ಮಾಹಿತಿ" ಅನ್ನುವುದು ನನಗಂತೂ ಅರ್ಥವೇ ಆಗಿಲ್ಲ. ಲೇಖನದಲ್ಲಿ ಮಾಹಿತಿ ಇಲ್ಲದೆ ಇನ್ನೇನು ಇರುತ್ತದೆ?

ಬಾಯಲ್ಲಿ ಆಡುವ ಪದ, ಪುಸ್ತಕದ ಪದ ಎರಡೂ ಇದ್ದರೆ ತಲೆಬರಹಕ್ಕೆ ಆಡುವ ಪದವೇ ಇರಲಿ. ವಿದ್ಯುಚ್ಛಕ್ತಿ ಬೇಡ, ಕರೆಂಟ್ ಸಾಕು.

ಹಂತ 8: ಅಳತೆ

"ಇಷ್ಟು ಅಕ್ಷರ ಇರಲಿ" ಅನ್ನುವ ಲೆಕ್ಕಗಳು ಇಂಗ್ಲಿಷ್‌ಗೆ ಮಾಡಿದ್ದು. ಕನ್ನಡದಲ್ಲಿ ಗುಣಿತ, ಒತ್ತು ಎಲ್ಲವನ್ನೂ ಕಂಪ್ಯೂಟರ್ ಬೇರೆ ಬೇರೆಯಾಗಿ ಎಣಿಸುತ್ತದೆ. "ರಾಷ್ಟ್ರ" ನಮಗೆ ಎರಡಕ್ಷರ, ಅದಕ್ಕೆ ಏಳು. "ಶಿವನಸಮುದ್ರ" ನಮಗೆ ಆರು, ಅದಕ್ಕೆ ಹತ್ತು. ಯೂಟ್ಯೂಬ್ ತಲೆಬರಹಕ್ಕೆ 100 ಅಕ್ಷರದ ಮಿತಿ ಇದೆ, ಒತ್ತಕ್ಷರ ಜಾಸ್ತಿ ಇದ್ದರೆ ಬೇಗ ತುಂಬುತ್ತದೆ. ಗೂಗಲ್ ಹುಡುಕಾಟದಲ್ಲಂತೂ ಪರದೆಯ ಅಗಲ ನೋಡಿ ಕತ್ತರಿ ಬೀಳುತ್ತದೆ.

ನಮ್ಮ "ಬೆಂಗಳೂರಿಗೂ ಮೊದಲು ಕೋಲಾರದ ಚಿನ್ನದ ಗಣಿಗೆ ಕರೆಂಟ್ ಬಂದಿದ್ದು ಯಾಕೆ?" ಎಂಟು ಪದ, ಕಂಪ್ಯೂಟರ್ ಲೆಕ್ಕದಲ್ಲಿ 58 ಅಕ್ಷರ. ಆರರಿಂದ ಒಂಬತ್ತು ಪದ ಅನ್ನುವುದು ನಾನು ಇಟ್ಟುಕೊಂಡ ಅಂದಾಜು. ಎಣಿಸುವುದಕ್ಕಿಂತ ಒಳ್ಳೆಯ ದಾರಿ: ನಿಮ್ಮದೇ ಮೊಬೈಲ್‌ಗೆ ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಕಳಿಸಿಕೊಂಡು ನೋಡಿ. ಮುಖ್ಯ ಪದಕ್ಕೆ ಮೊದಲೇ ಕತ್ತರಿ ಬಿದ್ದಿದ್ದರೆ ಅದನ್ನು ಮುಂದಕ್ಕೆ ತನ್ನಿ.

ಹಂತ 9: ಒಂದು ಸಾಲದು, ಹತ್ತು ಬರೆಯಿರಿ

2012ರಲ್ಲಿ ಶುರುವಾದ ಅಪ್‌ವರ್ದಿ ಅನ್ನುವ ಅಮೆರಿಕದ ತಾಣದಲ್ಲಿ ಒಂದು ಬರಹಕ್ಕೆ 25 ತಲೆಬರಹ ಬರೆಯುವ ಕಟ್ಟಳೆ ಇತ್ತು. ಆಮೇಲೆ ಅವುಗಳಲ್ಲಿ ಕೆಲವನ್ನು ಓದುಗರ ಮೇಲೇ ಪರೀಕ್ಷೆ ಮಾಡುತ್ತಿದ್ದರು. 25 ನಮಗೆ ಅತಿಯಾಯಿತು. ಹತ್ತು ಸಾಕು. ಮೊದಲ ಮೂರು ಎಲ್ಲರಿಗೂ ಹೊಳೆಯುವಂಥವೇ. ನಾಲ್ಕನೆಯದರಿಂದ ಸುಸ್ತಾಗುತ್ತದೆ, ಆರೇಳರ ಹೊತ್ತಿಗೆ ಲೇಖನವನ್ನು ಮತ್ತೆ ಓದಲೇಬೇಕಾಗುತ್ತದೆ. ಒಳ್ಳೆಯದು ಸಾಮಾನ್ಯವಾಗಿ ಆ ಎರಡನೇ ಓದಿನಲ್ಲಿ ಸಿಗುತ್ತದೆ.

ಅಪ್‌ವರ್ದಿಯ ಸುಮಾರು 1,05,000 ತಲೆಬರಹಗಳನ್ನು ಆಮೇಲೆ ಸಂಶೋಧಕರು ಪರಿಶೀಲಿಸಿದರು. 2023ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಸಾಮಾನ್ಯ ಉದ್ದದ ತಲೆಬರಹದಲ್ಲಿ ಒಂದು ನಕಾರಾತ್ಮಕ ಪದ ಸೇರಿದರೆ ಒತ್ತುವವರ ಪ್ರಮಾಣ 2.3% ಏರುತ್ತದೆ. ಭಯ, ಸಾವು, ಜಗಳ ಯಾಕೆ ಇಷ್ಟು ತುಂಬಿಕೊಂಡಿವೆ ಅಂತ ಇದರಿಂದ ಗೊತ್ತಾಗುತ್ತದೆ. ಅಷ್ಟು ಸಣ್ಣ ಲಾಭಕ್ಕೆ ಓದುಗರನ್ನು ದಿನವಿಡೀ ಹೆದರಿಸಬೇಕಾ ಅನ್ನುವುದು ನೀವೇ ತೀರ್ಮಾನ ಮಾಡುವ ವಿಷಯ. ನಾನಂತೂ ಬೇಡ ಅನ್ನುತ್ತೇನೆ.

ಹತ್ತರಲ್ಲಿ ಎರಡನ್ನು ಆರಿಸಿ, ಜೋರಾಗಿ ಓದಿ. ನಾಲಿಗೆ ತೊಡರಿದ ಕಡೆ ಪದ ಬದಲಿಸಿ. ಲೇಖನ ಓದದ ಒಬ್ಬರಿಗೆ ತೋರಿಸಿ, "ಒಳಗೆ ಏನಿರಬಹುದು?" ಅಂತ ಕೇಳಿ. ಚೆನ್ನಾಗಿದೆಯಾ ಅಂತ ಕೇಳಬೇಡಿ, ಮುಲಾಜಿಗೆ ಹೌದು ಅಂದುಬಿಡುತ್ತಾರೆ. ಅವರು ಊಹಿಸಿದ್ದು ಒಳಗೆ ಇದ್ದರೆ ತಲೆಬರಹ ಪಾಸ್.

ಹಂತ 10: ಎಲ್ಲಿ ಕುತೂಹಲವೇ ಬೇಡ

"ಕೆಆರ್‌ಎಸ್ ಭರ್ತಿ." ಮಂಡ್ಯ, ಮೈಸೂರಿನ ಕಡೆ ಮಳೆಗಾಲದಲ್ಲಿ ಇಷ್ಟು ಬರೆದರೆ ಮುಗಿಯಿತು. ಜನ ಕಾಯುತ್ತಿರುವ ಸುದ್ದಿಗೆ ಅಲಂಕಾರ ಮಾಡಬಾರದು. ಅಣೆಕಟ್ಟೆಯಿಂದ ನೀರು ಬಿಡುವ ಎಚ್ಚರಿಕೆ, ಅರ್ಜಿಯ ಕೊನೆಯ ದಿನ, ಶಾಲೆಗೆ ರಜೆ, ಔಷಧಿಯ ವಿಷಯ: ಇಲ್ಲೆಲ್ಲ ಉತ್ತರ ತಲೆಬರಹದಲ್ಲೇ ಇರಬೇಕು. ಪ್ರವಾಹದ ದಿನ "ಈ ಊರಿನ ಜನರೇ ಹುಷಾರ್" ಅಂತ ಬರೆಯುವುದಕ್ಕೆ ಕ್ಷಮೆ ಇಲ್ಲ.

ಸಾವು, ಅತ್ಯಾಚಾರ, ಆತ್ಮಹತ್ಯೆಯ ಸುದ್ದಿಯಲ್ಲೂ ಅಷ್ಟೇ. ಆತ್ಮಹತ್ಯೆಯ ವರದಿಗೆ ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ರೋಚಕ ತಲೆಬರಹ ಬೇಡ, ವಿಧಾನದ ವಿವರ ಬೇಡ ಅನ್ನುವುದು ಅದರಲ್ಲಿದೆ.

ಪ್ರಕಟಿಸಿದ ಮೇಲೆ

ಮಾರನೇ ದಿನ ಬರೀ ಎಷ್ಟು ಜನ ಒತ್ತಿದರು ಅಂತ ನೋಡಬೇಡಿ. ಎಷ್ಟು ಹೊತ್ತು ಇದ್ದರು ಅನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ. ಒತ್ತಿದವರು ಜಾಸ್ತಿ, ಇದ್ದ ಹೊತ್ತು ಕಡಿಮೆ ಅಂದರೆ ತಲೆಬರಹ ಜಾಸ್ತಿ ಮಾತಾಡಿದೆ. ಒತ್ತಿದವರು ಕಡಿಮೆ, ಬಂದವರು ಕೊನೆಯವರೆಗೂ ಓದಿದ್ದಾರೆ ಅಂದರೆ ಲೇಖನ ಗಟ್ಟಿ, ತಲೆಬರಹ ಸೊರಗಿದೆ. ಆಗ ಪಟ್ಟಿಯಲ್ಲಿ ಉಳಿದಿದ್ದ ಎರಡನೆಯದನ್ನು ಹಾಕಿ ನೋಡಿ. ಪುಟದ ಲಿಂಕ್ ಮಾತ್ರ ಬದಲಿಸಬೇಡಿ, ಈಗಾಗಲೇ ಹಂಚಿಕೊಂಡವರ ಕೊಂಡಿ ಕಳಚಿ ಹೋಗುತ್ತದೆ. ತಲೆಬರಹದಲ್ಲಿ ತಪ್ಪು ಇತ್ತು ಅಂತ ಬದಲಿಸಿದ್ದರೆ, ಏನು ಬದಲಿಸಿದಿರಿ ಅಂತ ಲೇಖನದ ಕೆಳಗೆ ಒಂದು ಸಾಲು ಹಾಕಿ.